ಸಂಪಿನ ಸುತ್ತಲಿನ ಮಣ್ಣು

ಬಸವನಗುಡಿ, ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ಫೋನಿನಲ್ಲೇ ಆಯಿತು. ನಿನ್ನ ಕಾಗದದ ಒಂದು ಸಾಲು ಮಾತ್ರ ಕೊರೆಯುತ್ತಿದೆ: ಸಂಪಿನ (ನೆಲದಡಿಯ ನೀರಿನ ತೊಟ್ಟಿಯ) ಸುತ್ತ ಹೋದ ತಿಂಗಳು ತುಂಬಿಸಿದ ಮಣ್ಣು ಗಟ್ಟಿಯಾಗಿದೆ, ಅದರ ಮೇಲೇ ಚಪ್ಪಡಿ ಹಾಸ್ತೀನಿ ಅಂತ ಮೇಸ್ತ್ರಿ ಹೇಳಿದ್ದು. ಕಾಲಿಗೆ ಗಟ್ಟಿ ಅನಿಸುವುದು ಮೇಲಿನ ಅರ್ಧ ಅಡಿ ಅಷ್ಟೇ. ಅದರ ಕೆಳಗೆ ಸಂಪಿನ ತಳದವರೆಗೂ ಸುಮ್ಮನೆ ಸುರಿದ ಮಣ್ಣು. ನಾಲ್ಕು ಜೋರು ಮಳೆ ಬಿದ್ದರೆ ಅದು ಕುಸಿದು ಕೂರುತ್ತದೆ, ಕಲ್ಲೂ ಜೊತೆಗೆ ಇಳಿಯುತ್ತದೆ. ನೀರು ಹರಿಯಲು ಹೊರಕ್ಕೆ ಕೊಟ್ಟ ವಾಟ, ಅಂದರೆ ಇಳಿಜಾರು, ಒಳಕ್ಕೆ ತಿರುಗಿ ಅಂಗಳದ ನೀರೆಲ್ಲ ಸಂಪಿನ ಬಾಯಿಗೇ ಬರುತ್ತದೆ. ಮೇಲಿನ ಟ್ಯಾಂಕಿಗೆ ಏರುವುದೂ ಅದೇ ನೀರು ತಾನೇ?

ನಮ್ಮ ಅಂಗಳದ ಕಲ್ಲು ಹೀಗೇ ಇಳಿದು ತಗ್ಗಾದದ್ದು ನೀನು ಕಂಡದ್ದೇ, ಮತ್ತೆ ಹೇಳುವುದಿಲ್ಲ. ಅವತ್ತು ಗಾರೆಯಲ್ಲಿ ಕೂರಿಸದೆ ಮರಳಿನ ಮೇಲೆ ಹಾಸಿಸಿದ್ದರೆ ಕಲ್ಲೆತ್ತಿ ಸರಿಮಾಡಬಹುದಿತ್ತು ಅನ್ನುವ ಸಂಕಟ ಇನ್ನೂ ಹೋಗಿಲ್ಲ.

ಸಂಪಿನ ಸುತ್ತಲಿನ ಆ ಜಾಗವನ್ನು ಒಂದು ಮಳೆಗಾಲ ಹಾಗೇ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ನಿಮಗೆ ಅಷ್ಟು ತಾಳ್ಮೆ ಇರಲಾರದು, ಗೊತ್ತು. ಹಾಗಾದರೆ ಎರಡು ಅಡಿ ಮಣ್ಣನ್ನಾದರೂ ತೆಗೆಸಿ, ಆರಾರು ಇಂಚಿನ ಪದರವಾಗಿ ಮತ್ತೆ ತುಂಬಿಸಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಸಿ ಗಟ್ಟಿಮಾಡಿಸು. ಹದ ನೋಡಲು ಹಿಡಿ ಮಣ್ಣು ಹಿಸುಕು: ಉಂಡೆ ಕಟ್ಟಬೇಕು, ನೀರು ಜಿನುಗಬಾರದು. ಬಾಡಿಗೆಗೆ ತರುವ ಪ್ಲೇಟ್ ಕಾಂಪ್ಯಾಕ್ಟರ್ (ಮಣ್ಣು ಅದುಮುವ ಯಂತ್ರ) ಸಂಪಿನ ಗೋಡೆಗೆ ಒಂದೂವರೆ ಅಡಿಗಿಂತ ಹತ್ತಿರ ಬೇಡ, ಅಲ್ಲಿ ಕೈ ದಿಮ್ಮಸೇ ಸಾಕು. ಆ ಹೊತ್ತಿಗೆ ಸಂಪು ತುಂಬಿರಲಿ. ಖಾಲಿ ಇದ್ದರೆ ಹೊರಗಿನ ಒತ್ತಡಕ್ಕೆ ಎದುರು ಒತ್ತಲು ಒಳಗೇನೂ ಇರುವುದಿಲ್ಲ, ಗೋಡೆ ಬಿರುಕು ಬಿಡಬಹುದು.

ಇಷ್ಟು ಮಾಡಿದರೂ ಎರಡು ಅಡಿಯ ಕೆಳಗಿನದು ಒಂದಿಷ್ಟು ಇಳಿದೇ ಇಳಿಯುತ್ತದೆ. ಅದಕ್ಕೇ ಮರಳಿನ ಮೇಲೆ ಹಾಸು ಅನ್ನುತ್ತಿರುವುದು. ನಿನ್ನ 10 ಅಡಿಗೆ 12 ಅಡಿ ಜಾಗಕ್ಕೆ ಏಳು ಇಂಚು ಅಗೆತ: ನಾಲ್ಕು ಇಂಚು ಜಲ್ಲಿ, ಒಂದು ಇಂಚು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), ಎರಡು ಇಂಚು ಕಲ್ಲು. ಜಲ್ಲಿ ದಿಮ್ಮಸು ಹೊಡೆದಾಗ ಇಳಿಯುವುದರಿಂದ 50 ಸಿಎಫ್‌ಟಿ (ಘನ ಅಡಿ) ತರಿಸು, ಜಲ್ಲಿ ಪುಡಿ ಬೆರೆತದ್ದು. ಒಂದೇ ಅಳತೆಯ ಜಲ್ಲಿ ಕಚ್ಚಿಕೊಳ್ಳುವುದಿಲ್ಲ. ಮರಳು ಸಂದಿಗೂ ಸೇರಿ 15 ಸಿಎಫ್‌ಟಿ ಸಾಕು.

ನಾಲ್ಕು ಮೂಲೆಗೆ ಗಾರೆ ಉಂಡೆ ಇಟ್ಟು ಕಲ್ಲು ಕೂರಿಸಲು ಬಿಡಬೇಡ. ನಡುವೆ ಪೊಳ್ಳು ಉಳಿದು, ಭಾರ ಬಿದ್ದಾಗ ಅಲ್ಲೇ ಸೀಳುತ್ತದೆ. ರಬ್ಬರ್ ಸುತ್ತಿಗೆಯಲ್ಲಿ ಬಡಿದಾಗ ಡಬಡಬ ಅಂದರೆ ಎತ್ತಿಸಿ ಮತ್ತೆ ಹಾಸಿಸು. ಸುತ್ತಂಚಿಗೆ ಮಾತ್ರ ಕಾಂಕ್ರೀಟ್ ಕಟ್ಟು ಬೇಕು, ಇಲ್ಲದಿದ್ದರೆ ಸಂದಿ ಅಗಲವಾಗಿ ಮರಳು ಜಾರುತ್ತದೆ.

ಕಲ್ಲು ಸಾದರಹಳ್ಳಿಯ ಗ್ರಾನೈಟೇ ಇರಲಿ, ಪಾಲಿಶ್ ಬೇಡ, ಒದ್ದೆಯಾದರೆ ಜಾರುತ್ತದೆ. ಎರಡಡಿ ಚದರದ ಒಂದೊಂದು ಕಲ್ಲೂ ಸುಮಾರು 50 ಕಿಲೋ, ಎತ್ತಲು ಇಬ್ಬರು ಬೇಕು. ಶಹಾಬಾದ್ ಅಗ್ಗ, ಆದರೆ ಸುಣ್ಣದ ಕಲ್ಲು. ಆಸಿಡ್ ಹಾಕಿ ತೊಳೆದರೆ ಮೈ ಕಿತ್ತುಹೋಗುತ್ತದೆ.

ಮತ್ತೆ ಸಂಪಿಗೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮನೆಗೋಡೆಯಿಂದಲೂ ಸಂಪಿನಿಂದಲೂ ಆಚೆಗೆ, ಹತ್ತು ಅಡಿಗೆ ಎರಡು ಇಂಚು ವಾಟ. ಕಲ್ಲಿನ ಮೇಲ್ಮೈ ಮನೆಯ ಪಾಯದ ಮೇಲಂಚಿಗಿಂತ ಆರು ಇಂಚು ಕೆಳಗಿರಲಿ. ನೀರು ಇಂಗುಗುಂಡಿಗೆ ಹೋಗಲಿ, ಒಳಚರಂಡಿಗೆ ಬೇಡ. ಸಂಪಿನ ಬಾಯಿಯ ಕಟ್ಟೆ ಕಲ್ಲುಹಾಸಿಗಿಂತ ಆರು ಇಂಚು ಮೇಲಿದ್ದರೆ ಕಲ್ಲು ಇಳಿದರೂ ನೀರು ಒಳಗೆ ನುಗ್ಗುವುದಿಲ್ಲ. ಈಗ ಎಷ್ಟಿದೆ? ಪಕ್ಕಕ್ಕೆ ಟೇಪು ಹಿಡಿದು ಒಂದು ಫೋಟೋ ಕಳಿಸು. ಅದು ಬರುವವರೆಗೆ ಮೇಸ್ತ್ರಿಗೆ ಒಂದು ಕಲ್ಲನ್ನೂ ಇಳಿಸಲು ಹೇಳಬೇಡ.

ಇತಿ,
ದೊಡ್ಡಪ್ಪ