ಮಗಳಿಗೊಂದು ಪತ್ರ: ಕವಾಟವನ್ನು ಮುಚ್ಚುವುದು ರಕ್ತವೇ

ಪುಟ್ಟಿ,

ಮುಂದಿನ ವಾರ ಹೃದಯದ ಡಿಸೆಕ್ಷನ್ ಅಂದೆಯಲ್ಲ, ಬ್ಲೇಡ್ ಹಿಡಿಯುವ ಮೊದಲು ಬೆರಳಲ್ಲಿ ಒತ್ತಿ ನೋಡು. ಎಡ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆಯ) ಗೋಡೆ ಸುಮಾರು 1 ಸೆಂ.ಮೀ. ದಪ್ಪ, ಬಲದ್ದು 3ರಿಂದ 5 ಮಿ.ಮೀ. ಅಷ್ಟೆ. ಎರಡೂ ಪ್ರತಿ ಬಡಿತಕ್ಕೆ ಹೊರಹಾಕುವ ರಕ್ತ ಒಂದೇ ಅಳತೆ, 70 ಮಿ.ಲೀ. ಆಸುಪಾಸು. ಆದರೆ ಬಲದ್ದು ಪಕ್ಕದ ಶ್ವಾಸಕೋಶಕ್ಕೆ ಕಳಿಸಲು 25 ಮಿ.ಮೀ. ಪಾದರಸದ ಒತ್ತಡ ಸಾಕು, ಎಡದ್ದು ಇಡೀ ಮೈಗೆ ಕಳಿಸಲು 120 ಬೇಕು. ಮೇಲಿನ ಕೋಣೆಗಳಾದ ಹೃತ್ಕರ್ಣಗಳಿಗೆ ಕೆಳಗಿನ ಕೋಣೆ ತುಂಬುವಷ್ಟೇ ಕೆಲಸ, ಹಾಗಾಗಿ ಅವುಗಳ ಗೋಡೆ ತೆಳು.

ಆಮೇಲೆ ಎಡ ಹೃತ್ಕುಕ್ಷಿಯಿಂದ ಹೊರಡುವ ಮಹಾಪಧಮನಿಯೊಳಗಿನ ಹೆಪ್ಪುಗಟ್ಟಿದ ರಕ್ತ ತೊಳೆದು, ಮೇಲಿಂದ ನಿಧಾನವಾಗಿ ನೀರು ಬಿಡು. ಅದರ ಬುಡದ ಕವಾಟದ ಮೂರು ದಳಗಳೂ ಜೇಬಿನ ಹಾಗೆ ತುಂಬಿಕೊಂಡು ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಅಲ್ಲಿ ಎಳೆಯುವ ಸ್ನಾಯುವಿಲ್ಲ, ಹಿಡಿಯುವ ದಾರವಿಲ್ಲ. ಮುಚ್ಚಿದ್ದು ಮೇಲಿನ ಒತ್ತಡ. ದಳಗಳ ಮೇಲ್ಗಡೆಯೇ ಹೃದಯಕ್ಕೇ ರಕ್ತ ಕೊಡುವ ಕೊರೊನರಿ ಅಪಧಮನಿಗಳ ಬಾಯಿ ಎರಡು ಕಾಣುತ್ತವೆ, ಹುಡುಕು.

ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವಿನ ಮೈಟ್ರಲ್ ಕವಾಟದ ಮುಂದೆ ಮಾತ್ರ ಸ್ವಲ್ಪ ಹೊತ್ತು ಕೂತು ನೋಡಬೇಕು. ಉಳಿದ ಮೂರು ಕವಾಟಗಳಿಗೆ ಮೂರು ಮೂರು ದಳ, ಇದಕ್ಕೆ ಎರಡೇ. ದಳಗಳ ಅಂಚಿನಿಂದ ಇಳಿದ ಬಿಳಿ ಎಳೆಯೊಂದನ್ನು ಚಿಮಟದಲ್ಲಿ ಎತ್ತಿ, ಅದು ಎಲ್ಲಿಗೆ ಸೇರುತ್ತದೆ ಅಂತ ಹಿಂಬಾಲಿಸು. ಬುಡದಲ್ಲಿ ಹೃತ್ಕುಕ್ಷಿಯ ಗೋಡೆಯಿಂದ ಎದ್ದುನಿಂತ ಎರಡು ಪ್ಯಾಪಿಲರಿ ಸ್ನಾಯುಗಳಿವೆ, ಒಂದೊಂದರಿಂದಲೂ ಎರಡೂ ದಳಗಳಿಗೆ ಎಳೆ ಹೋಗಿರುತ್ತದೆ. ಈ ಸ್ನಾಯು ಕವಾಟವನ್ನು ಎಳೆದು ಮುಚ್ಚುತ್ತದೆ ಅಂತ ಎಷ್ಟೋ ವಿದ್ಯಾರ್ಥಿಗಳು ಬರೆಯುತ್ತಾರೆ, ಅದು ತಪ್ಪು. ಇಲ್ಲೂ ಮುಚ್ಚುವುದು ರಕ್ತದ ಒತ್ತಡವೇ. ಹೃತ್ಕುಕ್ಷಿ ಕುಗ್ಗಿ ಚಿಕ್ಕದಾದಾಗ ಎಳೆಗಳು ಸಡಿಲಬಿದ್ದು ದಳ ಹೃತ್ಕರ್ಣದೊಳಗೆ ಮಗುಚಬೇಕಿತ್ತು. ಹಾಗಾಗದಂತೆ ಸ್ನಾಯುವೂ ಜೊತೆಗೇ ಕುಗ್ಗಿ ಎಳೆಗಳನ್ನು ಬಿಗಿಯಾಗಿ ಹಿಡಿದಿಡುತ್ತದೆ.

ಹಿಂದಿನ ಪ್ಯಾಪಿಲರಿ ಸ್ನಾಯುವಿಗೆ ಸಾಮಾನ್ಯವಾಗಿ ಒಂದೇ ಅಪಧಮನಿಯಿಂದ ರಕ್ತ, ಮುಂದಿನದಕ್ಕೆ ಎರಡರಿಂದ. ಆದ್ದರಿಂದ ಹೃದಯಾಘಾತದಲ್ಲಿ ಹರಿದು ತುಂಡಾಗುವುದು ಹೆಚ್ಚಾಗಿ ಹಿಂದಿನ ಸ್ನಾಯು. ಅದು ಹರಿದರೆ ಎರಡೂ ದಳಗಳ ಹಿಡಿತ ತಪ್ಪುತ್ತದೆ, ರಕ್ತ ಎಡ ಹೃತ್ಕರ್ಣಕ್ಕೆ ವಾಪಸ್ ನುಗ್ಗುತ್ತದೆ, ನೋಡನೋಡುತ್ತಲೇ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಗಂಟಲ ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದ ದಾರಿ ಬೇರೆ: ದಳಗಳ ಅಂಚು ಒಂದಕ್ಕೊಂದು ಬೆಸೆದು, 4–6 ಚದರ ಸೆಂ.ಮೀ. ಇರಬೇಕಾದ ಬಾಯಿ ವರ್ಷಗಳು ಕಳೆದಂತೆ ಕಿರಿದಾಗುತ್ತದೆ.

ಕತ್ತರಿಸುವಾಗ ರಕ್ತ ಹರಿಯುವ ದಾರಿಯಲ್ಲೇ ಹೋಗು, ಬಲ ಹೃತ್ಕರ್ಣದಿಂದ ಶುರುಮಾಡು. ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಗೆ ಹೋಗುವಾಗ ಕತ್ತರಿ ನಡುಗೋಡೆಯ ಪಕ್ಕದಲ್ಲೇ ಇರಲಿ. ಮೈಟ್ರಲ್‌ನ ಮುಂದಿನ ದಳ ಆ ದಾರಿಗೆ ಅಂಟಿಕೊಂಡೇ ಇದೆ, ಕೈ ಸ್ವಲ್ಪ ವಾಲಿದರೂ ತುಂಡಾಗುತ್ತದೆ.

ನಿನ್ನ
ಅಮ್ಮ