ಒಂದು ಮನೆ ಇಳಿದ ಶ್ರುತಿ

ಮೈಸೂರು

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮವಾಗಿದ್ದೇವೆ. ಕಳೆದ ಭಾನುವಾರ ನೀನು ಫೋನಿನಲ್ಲಿ ಕೇಳಿದ ಒಂದು ಮಾತು ಮನಸ್ಸಿನಿಂದ ಹೋಗದ ಕಾರಣ ಈ ಪತ್ರ ಬರೆಯುತ್ತಿದ್ದೇನೆ. ದಿನವಿಡೀ ಇಯರ್‌ಫೋನ್ ಹಾಕಿಕೊಂಡಿದ್ದರೂ ಯಾವ ಹಾಡೂ ಒಳಗೆ ಇಳಿಯುವುದಿಲ್ಲ, ಕಾಲೇಜಿನಲ್ಲಿದ್ದಾಗ ಕೇಳುತ್ತಿದ್ದ ಹಾಡು ಬಂದರೆ ಮಾತ್ರ ಏನೋ ಮಿಸುಕಿದಂತಾಗುತ್ತದೆ ಎಂದು ಹೇಳಿ, "ಮೂವತ್ತೊಂದಕ್ಕೇ ನನ್ನ ಸಂಗೀತ ಬತ್ತಿಹೋಯಿತೇನಮ್ಮಾ?" ಎಂದು ಕೇಳಿದೆ. ಅಷ್ಟರಲ್ಲಿ ಮಗು ಎದ್ದು ಅತ್ತದ್ದರಿಂದ ಮಾತು ಅಲ್ಲಿಗೇ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು, ಏಕೆಂದರೆ ಆ ಕ್ಷಣದಲ್ಲಿ ನನ್ನಲ್ಲಿ ಸರಿಯಾದ ಉತ್ತರವಿರಲಿಲ್ಲ.

ನನ್ನ ವಿಷಯವನ್ನೇ ಮೊದಲು ಹೇಳುತ್ತೇನೆ. ಈ ಯುಗಾದಿ ಕಳೆದ ಮೇಲೆ ನಾನು ನನ್ನ ಶ್ರುತಿಯನ್ನು, ಅಂದರೆ ಷಡ್ಜ (ಸ) ನಿಲ್ಲುವ ಎತ್ತರವನ್ನು, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಐದೂವರೆ ಮನೆಯಿಂದ ನಾಲ್ಕೂವರೆ ಮನೆಗೆ ಇಳಿಸಿಕೊಂಡೆ. ಹಾಗೆ ಮಾಡಬೇಕೆಂದು ನಮ್ಮ ಗುರುಗಳು ಎರಡು ವರ್ಷದಿಂದ ಹೇಳುತ್ತಿದ್ದರು, ನಾನು ಒಪ್ಪಿರಲಿಲ್ಲ. ಮೇಲಿನ ಸ್ಥಾಯಿಯ ಷಡ್ಜವಾದ ತಾರಷಡ್ಜದ ಮೇಲೆ ನಿಂತರೆ ಗಂಟಲು ಬಿಗಿಯುತ್ತಿತ್ತು, ಪಂಚಮಕ್ಕೆ ಹೋಗುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ಆದರೂ ನಲವತ್ತು ವರ್ಷ ಹಾಡಿದ ಶ್ರುತಿಯನ್ನು ಬಿಡುವುದೆಂದರೆ ಹುಟ್ಟಿ ಬೆಳೆದ ಮನೆಯನ್ನು ಮಾರಿದಷ್ಟು ಸಂಕಟವಾಗುತ್ತಿತ್ತು. ಮುಟ್ಟು ನಿಂತ ಮೇಲೆ ಹಾರ್ಮೋನುಗಳು ಕಡಿಮೆಯಾಗಿ ಹೆಂಗಸರ ಧ್ವನಿತಂತುಗಳು ದಪ್ಪವಾಗುತ್ತವೆ, ಧ್ವನಿ ತಾನಾಗಿಯೇ ತಗ್ಗುತ್ತದೆ. ಗಂಡಸರಲ್ಲಿ ಇದಕ್ಕೆ ವಿರುದ್ಧವಾಗಿ, ಮುಪ್ಪಿನಲ್ಲಿ ತಂತುಗಳು ಸೊರಗಿ ಧ್ವನಿ ತುಸು ಏರುತ್ತದೆ. ಇದೆಲ್ಲ ನನಗೆ ತಿಳಿದಿತ್ತು, ಆದರೆ ಒಪ್ಪಲು ಮನಸ್ಸಿರಲಿಲ್ಲ.

ಲೆಕ್ಕಕ್ಕೆ ನೋಡಿದರೆ ಬದಲಾವಣೆ ದೊಡ್ಡದಲ್ಲ. ಸುಮಾರು 208 ಹರ್ಟ್ಸ್‌ನಲ್ಲಿದ್ದ ನನ್ನ ಷಡ್ಜ 185ಕ್ಕೆ ಬಂತು, ಅಷ್ಟೇ. ತಂಬೂರಿಯ ತಂತಿಗಳನ್ನು ಸಡಿಲಿಸಿ, ತಂತಿಗಳ ಕೆಳಗಿನ ಜೀವಾಳಿ ದಾರವನ್ನು ಸರಿಸಿ ಸರಿಸಿ ನಾದ ಕೂಡುವ ಹೊತ್ತಿಗೆ ಅರ್ಧ ಗಂಟೆಯಾಗಿತ್ತು. ಆಮೇಲೆ ತೋಡಿ ರಾಗವನ್ನು ಎತ್ತಿಕೊಂಡಾಗ ನನಗೆ ಒಂದು ವಿಷಯ ಹೊಳೆಯಿತು. ನಮ್ಮ ಸಂಗೀತದಲ್ಲಿ ಷಡ್ಜಕ್ಕೆ ನಿಗದಿಯಾದ ಜಾಗವೇ ಇಲ್ಲ. ಹಾಡುವವರು ತಮ್ಮ ಶರೀರಕ್ಕೆ ಒಗ್ಗುವ ಕಡೆ ಅದನ್ನು ಇಟ್ಟುಕೊಳ್ಳಬಹುದು, ಇಟ್ಟ ಮೇಲೆ ಉಳಿದ ಸ್ವರಗಳೆಲ್ಲ ಒಂದೂ ಹಿಂದುಳಿಯದಂತೆ ಅದರ ಜೊತೆಗೇ ಬರುತ್ತವೆ. ಪಾಠದ ಮೊದಲ ದಿನವೇ ಕಲಿಸುವ ಈ ಸಂಗತಿ ಅರ್ಥವಾಗಲು ನನಗೆ ಐವತ್ತೇಳು ವರ್ಷವಾಗಬೇಕಾಯಿತು. ಅಂದಿನ ತೋಡಿಯಲ್ಲಿ ಕೆಳಗಿನ ಮಂದ್ರಸ್ಥಾಯಿಯ ಧೈವತ ಎಂದೂ ಇಲ್ಲದಷ್ಟು ತುಂಬಿ ಬಂತು. ಐದೂವರೆಯಲ್ಲಿ ಹಾಡುತ್ತಿದ್ದಷ್ಟು ಕಾಲ ಮೇಲಕ್ಕೆ ಹೋಗಿ ಬರುವ ತವಕದಲ್ಲಿ ನಾನು ಆ ಕಡೆ ಕಾಲಿಟ್ಟದ್ದೇ ಕಡಿಮೆ.

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ಹಳೆಯ ಧ್ವನಿಮುದ್ರಣಗಳನ್ನು ನೀನು ಒಮ್ಮೆ ಕೇಳಬೇಕು. 1930ರ ದಶಕದಲ್ಲಿ 'ಗಾಂಧಾರಿ ಹಾನಗಲ್' ಎಂಬ ಹೆಸರಿನಲ್ಲಿ ಹೊರಬಂದ ಗ್ರಾಮಫೋನ್ ತಟ್ಟೆಗಳಲ್ಲಿ ಇರುವುದು ಎತ್ತರದ, ತೆಳುವಾದ, ಎಳೆಯ ಹೆಣ್ಣುದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಆ ದನಿ ಹೋಗಿಯೇ ಬಿಟ್ಟಿತು. ಅದರ ಜಾಗದಲ್ಲಿ ಬಂದ, ಗಂಡುದನಿಯೆಂದು ಕೇಳಿದವರು ಬೆರಗಾಗುವ ಆ ಗಂಭೀರ ಕಂಠದಿಂದಲೇ ಅವರು ಮುಂದೆ ಗಂಗೂಬಾಯಿ ಹಾನಗಲ್ ಆದರು. ಹೋದ ದನಿಯನ್ನು ಹುಡುಕುತ್ತ ಕೂರದೆ ಇರುವ ದನಿಗೆ ತಕ್ಕ ಗಾಯನವನ್ನು ಅವರು ಕಟ್ಟಿಕೊಂಡರು ಎಂಬುದು ನನ್ನ ತಿಳಿವಳಿಕೆ. ಕರ್ನಾಟಕ ಸಂಗೀತದ ಗಾಯಕ, ರುದ್ರಪಟ್ಟಣದ ಆರ್. ಕೆ. ಶ್ರೀಕಂಠನ್ ಅವರ ದಾರಿಯೇ ಬೇರೆ; ಅವರು ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದವರು. ಎಂ. ಎಸ್. ಸುಬ್ಬುಲಕ್ಷ್ಮಿಯವರು 1997ರಲ್ಲಿ ಪತಿ ತೀರಿಕೊಂಡ ಮೇಲೆ ವೇದಿಕೆ ಏರುವುದನ್ನೇ ನಿಲ್ಲಿಸಿದರು. ಮೂವರದೂ ಸಂಗೀತದ ಮುಪ್ಪೇ, ಒಂದರಂತೆ ಇನ್ನೊಂದಿಲ್ಲ.

ಹಾಡುವುದಷ್ಟೇ ಅಲ್ಲ, ಕೇಳುವುದೂ ಬದಲಾಯಿತು. ಇಪ್ಪತ್ತರ ವಯಸ್ಸಿನಲ್ಲಿ ಒಂಟಿಕೊಪ್ಪಲಿನ ಕಡೆಯಿಂದ ಗೆಳತಿಯರ ಜೊತೆ ಎಂಟನೇ ಅಡ್ಡರಸ್ತೆಯ ಗಣಪತಿ ಪೆಂಡಾಲಿಗೆ ಹೋಗುತ್ತಿದ್ದಾಗ ನಾನು ಕಾಯುತ್ತಿದ್ದದ್ದು ಹಾಡುವವರು ಅಲ್ಲೇ ಸ್ವರಗಳನ್ನು ಹೆಣೆಯುವ ಕಲ್ಪನಾಸ್ವರಕ್ಕೆ ಮತ್ತು ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನಕ್ಕೆ. ಲೆಕ್ಕದ ಮುಕ್ತಾಯವಾದ ಕೋರ್ವೆ ತಾಳದ ಸಮಕ್ಕೆ ಬಂದು ಬೀಳುವ ಆ ಕ್ಷಣದಲ್ಲಿ ಮೈಯೆಲ್ಲ ಝುಂ ಎನ್ನುತ್ತಿತ್ತು, ವಿಳಂಬದ ಆಲಾಪನೆ ಲಂಬಿಸಿದರೆ ಬೇಸರವೂ ಆಗುತ್ತಿತ್ತು. ಈಗ ಸಹಾನ ರಾಗದಲ್ಲಿ ಯಾರಾದರೂ ಗಾಂಧಾರವನ್ನು ಅವಸರಪಡದೆ ತೂಗಿದರೆ ನನಗೆ ಆ ದಿನಕ್ಕೆ ಅಷ್ಟು ಸಾಕು. ಮೊದಲು ದಿನಕ್ಕೆ ನಾಲ್ಕು ಕ್ಯಾಸೆಟ್ ಕೇಳುತ್ತಿದ್ದವಳು ಈಗ ಒಂದು ಕೃತಿಯನ್ನು ಕೇಳಿ, ಎದ್ದು, ಗಿಡಗಳಿಗೆ ನೀರು ಹಾಕುತ್ತೇನೆ. ಆಗಲೂ ಅದು ಒಳಗೆ ನಡೆದೇ ಇರುತ್ತದೆ.

ನಿಮ್ಮಪ್ಪನ ವಿಷಯವನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಅವರ ಎರಡೂ ಕಿವಿ ಮಂದವಾಗಿವೆ, ಪರೀಕ್ಷೆ ಮಾಡಿಸಿದ್ದೇವೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಭಾಗದೊಳಗೆ ಹುಟ್ಟುವಾಗ ಪ್ರತಿ ಕಿವಿಗೂ ಸುಮಾರು 15,000 ರೋಮಕೋಶಗಳಿರುತ್ತವೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎತ್ತರದ ಧ್ವನಿಗಳನ್ನು ಹಿಡಿಯುವ ಕೋಶಗಳು ಸುರುಳಿಯ ಬಾಗಿಲಲ್ಲೇ ಇರುತ್ತವೆ, ಮೊದಲು ಸವೆಯುವುದೂ ಅವೇ. ಆದ್ದರಿಂದ ಸಕಾರ, ಶಕಾರ, ತಕಾರಗಳು ಮಸುಕಾಗಿ ಮಾತು ಕೇಳಿಸಿಯೂ ತಿಳಿಯದಂತಾಗುತ್ತದೆ. ದೇವರನಾಮವೆಂದರೆ ಸಾಹಿತ್ಯ, ಸಾಹಿತ್ಯವೆಂದರೆ ಅರ್ಥ ಎಂದು ಜೀವನಪೂರ್ತಿ ವಾದಿಸಿದವರಿಗೆ ಈಗ ಸಾಹಿತ್ಯವೇ ಕೈಗೆ ಸಿಗುತ್ತಿಲ್ಲ. ಹೊಸದಾಗಿ ತಂದ ಶ್ರವಣಸಾಧನ ಮಾತಿಗೆಂದು ಹೊಂದಿಸಿದ್ದು, ಅದರಲ್ಲಿ ಪಿಟೀಲು ಒಡೆದು ಕೇಳುತ್ತದೆಯೆಂದು ಮೊದಲ ವಾರ ಬಹಳ ನೊಂದುಕೊಂಡರು. ಸಂಗೀತಕ್ಕೆ ಬೇರೆಯೇ ಒಂದು ಹೊಂದಾಣಿಕೆ ಮಾಡಿಸಿದ ಮೇಲೆ ಸ್ವಲ್ಪ ವಾಸಿ. ಸಂಜೆ ನಾನು ತಂಬೂರಿ ಹಿಡಿದರೆ ಅವರು ಸಾಧನವನ್ನು ತೆಗೆದಿಟ್ಟು ಪಕ್ಕದಲ್ಲಿ ಕೂತು, ತಂಬೂರಿಯ ಬುರುಡೆಯ ಮೇಲೆ ಅಂಗೈ ಇಡುತ್ತಾರೆ. ಏನು ಕೇಳಿಸುತ್ತದೆಯೋ ನಾನು ಕೇಳಿಲ್ಲ. ಹಾಡು ಮುಗಿಯುವವರೆಗೂ ಕೈ ತೆಗೆಯುವುದಿಲ್ಲ.

ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. ಹರೆಯದಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ ಹಾಡುಗಳು ಉಳಿದ ಯಾವ ಕಾಲದ ಹಾಡುಗಳಿಗಿಂತಲೂ ಆಳವಾಗಿ ನೆನಪಿನಲ್ಲಿ ನಿಲ್ಲುತ್ತವೆಂದು ನೆನಪಿನ ಬಗ್ಗೆ ಸಂಶೋಧನೆ ಮಾಡುವವರು ಹೇಳುತ್ತಾರೆ. ಮೊದಲ ಸಲ ಮನೆ ಬಿಟ್ಟದ್ದು, ಮೊದಲ ಸ್ನೇಹ, ಮೊದಲ ಸೋಲು ಎಲ್ಲವೂ ಆ ವರ್ಷಗಳಲ್ಲೇ ಆಗುವುದರಿಂದ ಪ್ರತಿಯೊಂದರ ಜೊತೆಗೂ ಒಂದು ಹಾಡು ಅಂಟಿಕೊಂಡಿರುತ್ತದೆ. ಹಾಗಾಗಿ ಆ ಹಾಡು ಬಂದಾಗ ನಿನ್ನೊಳಗೆ ಮಿಸುಕುವುದು ಹಾಡೊಂದೇ ಅಲ್ಲ. ಇನ್ನು ಈಗಿನ ಹಾಡುಗಳು ಇಳಿಯದಿರುವುದಕ್ಕೆ ನೀನು ಬತ್ತಿರುವುದು ಕಾರಣವೆಂದು ನಾನು ನಂಬುವುದಿಲ್ಲ. ರಾತ್ರಿ ಮೂರು ಸಲ ಎದ್ದು ಮಗುವಿಗೆ ಹಾಲು ಕೊಟ್ಟು, ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು, ಕೆಲಸದ ಹಿಂದೆ ಪರದೆ ಕಟ್ಟಿದಂತೆ ಹಾಡನ್ನು ಬಿಟ್ಟುಕೊಂಡರೆ ಅದು ಎಲ್ಲಿಂದ ಒಳಗೆ ಬರಬೇಕು? ನೀನು ಹುಟ್ಟಿದ ಮೇಲೆ ನಾಲ್ಕು ವರ್ಷ ನಾನು ತಂಬೂರಿಯ ಗವಸು ಬಿಚ್ಚಿರಲಿಲ್ಲ. ಆ ನಾಲ್ಕು ವರ್ಷವನ್ನು ಹಾಳಾದ ಕಾಲವೆಂದು ಆಗ ತಿಳಿದಿದ್ದೆ, ಈಗ ಹಾಗೆ ಅನ್ನಿಸುವುದಿಲ್ಲ.

ನಿನ್ನ ಅಜ್ಜಿಯ ಕೊನೆಯ ವರ್ಷಗಳು ನಿನಗೆ ನೆನಪಿರಬಹುದು. ಮರೆವಿನ ಕಾಯಿಲೆಯಲ್ಲಿ ನನ್ನ ಹೆಸರು ಹೋಯಿತು, ಆಮೇಲೆ ಮನೆಯ ದಾರಿ ಹೋಯಿತು, ಊಟ ಮಾಡಿದ್ದು ಹೋಯಿತು. ಹಸೆಗೆ ಕರೆಯುವ ಹಾಡು ಮಾತ್ರ ಉಳಿದಿತ್ತು. ಒಂದು ಸಾಲು ಹಾಡಿ ಅವರು ಸುಮ್ಮನಾಗುತ್ತಿದ್ದರು. ಮುಂದಿನದು ಮರೆತಿರಬೇಕೆಂದು ನಾನು ಎಷ್ಟೋ ತಿಂಗಳು ಪಾಪವೆಂದುಕೊಂಡು ಎರಡನೆಯ ಸಾಲನ್ನು ಎತ್ತಿಕೊಡುತ್ತಿದ್ದೆ. ಅವರು ಸಿಟ್ಟಾಗಿ ಮತ್ತೆ ಮೊದಲನೆಯದಕ್ಕೇ ಬರುತ್ತಿದ್ದರು. ಒಂದು ದಿನ ಏನೂ ಯೋಚಿಸದೆ ಮೊದಲ ಸಾಲನ್ನೇ ನಾನೂ ತಿರುಗಿ ಹಾಡಿದೆ. ಅವರ ಮುಖ ಅರಳಿತು, ತಾವಾಗಿಯೇ ಎರಡನೆಯ ಸಾಲಿಗೆ ಹೋದರು. ಮದುವೆಮನೆಯಲ್ಲಿ ಹೆಂಗಸರು ಎರಡು ಗುಂಪಾಗಿ ಕೂತು, ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ತಿರುಗಿ ಹಾಡುತ್ತಿದ್ದ ಹಾಡು ಅದು. ಅಜ್ಜಿ ಮರೆತಿರಲಿಲ್ಲ ಕಣಮ್ಮಾ, ಎದುರಿನ ಗುಂಪಿಗಾಗಿ ಕಾಯುತ್ತಿದ್ದರು. ಅಂದಿನಿಂದ ಕೊನೆಯವರೆಗೂ ಆ ಗುಂಪು ನಾನಾದೆ.

ಈಗ ಈ ಪತ್ರದ ಮುಖ್ಯ ವಿಷಯ. ಮಗುವನ್ನು ಮಲಗಿಸುವಾಗ ನೀನು ಗುನುಗಿದ್ದನ್ನು ಅಳಿಯಂದಿರು ಧ್ವನಿಮುದ್ರಿಸಿ ನನಗೆ ಕಳಿಸಿದ್ದಾರೆ, ಅದು ನಿನಗೆ ಗೊತ್ತಿರಲಾರದು. ನೀನು ಗುನುಗುತ್ತಿದ್ದದ್ದು ಮಾಯಾಮಾಳವಗೌಳ ರಾಗದ ಜಂಟಿ ವರಸೆ, ಜೋಡಿ ಸ್ವರಗಳ ಆ ಆರಂಭದ ಪಾಠ. ಹದಿನೇಳು ವರ್ಷದ ಹಿಂದೆ ಬಿಟ್ಟುಬಂದ ಪಾಠವನ್ನು ಜೋಗುಳದ ನಡೆಗೆ ನಿಧಾನಿಸಿಕೊಂಡು ಹಾಡುತ್ತಿದ್ದೆ. ನಾನು ಶ್ರುತಿಪೆಟ್ಟಿಗೆ ತಂದು ಐದೂವರೆಗೆ ಇಟ್ಟು ನೋಡಿದೆ, ಕೂಡಲಿಲ್ಲ. ಐದಕ್ಕೂ ಕೂಡಲಿಲ್ಲ. ನಾಲ್ಕು ಮನೆಗೆ ಇಳಿಸಿದಾಗ ನಿನ್ನ ಷಡ್ಜ ಅದರೊಳಗೆ ಕಾಣದಂತೆ ಸೇರಿಕೊಂಡಿತು. ಮೂರು ಸಲ ಹಾಕಿ ಹಾಕಿ ಕೇಳಿದೆ. ಆಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದೆ.

ಹದಿಮೂರು ತುಂಬಿದ ವರ್ಷ ಮೋಹನ ರಾಗದ ವರ್ಣವೆಂಬ ರಚನೆಯಲ್ಲಿ ತಾರಸ್ಥಾಯಿಯ ಗಾಂಧಾರ ಬಂದಾಗಲೆಲ್ಲ ನಿನ್ನ ಗಂಟಲು ಕಟ್ಟುತ್ತಿತ್ತು. ಪಾಠದಲ್ಲಿ ಎಲ್ಲ ಮಕ್ಕಳಿಗೂ ಐದೂವರೆಯೇ. ಮನೆಯಲ್ಲಿ ನನ್ನದೂ ಅದೇ ಆದ್ದರಿಂದ ಅಭ್ಯಾಸವೂ ಅದರಲ್ಲೇ. ದೊಡ್ಡವಳಾಗುವ ವಯಸ್ಸಿನಲ್ಲಿ ಹೆಣ್ಣುಮಕ್ಕಳ ಧ್ವನಿಯೂ ಒಂದಿಷ್ಟು ಇಳಿಯುತ್ತದೆ. ಹುಡುಗರ ಧ್ವನಿ ಒಡೆದಂತೆ ಎದ್ದು ಕಾಣುವುದಿಲ್ಲವಾದ್ದರಿಂದ ಯಾರೂ ಗಮನಿಸುವುದಿಲ್ಲ. ನಾನೂ ಗಮನಿಸಲಿಲ್ಲ. ಸೋಮಾರಿತನವೆಂದೆ, ಹಠವೆಂದೆ, ನೆರೆಮನೆಯ ಹುಡುಗಿಯ ಜೊತೆ ಹೋಲಿಸಿದೆ. ನೀನು ಸಂಗೀತದ ಪುಸ್ತಕವನ್ನು ಅಟ್ಟದ ಮೇಲೆ ಎಸೆದಾಗ ಎಂಟು ದಿನ ನಿನ್ನ ಜೊತೆ ಮಾತು ಬಿಟ್ಟೆ. ಒಂದೂವರೆ ಮನೆ ಇಳಿಸಿ ನೋಡೋಣವೆಂದು ನನಗೆ ಒಮ್ಮೆಯೂ ತೋಚಲಿಲ್ಲ. ನೀನು ಬಿಟ್ಟದ್ದು ನನ್ನ ಶ್ರುತಿಯನ್ನು. ನೀನು ಸಂಗೀತವನ್ನೇ ಬಿಟ್ಟೆಯೆಂದು ನಾನು ತಿಳಿದೆ, ನೀನೂ ಹಾಗೆಯೇ ತಿಳಿಯುವಂತೆ ಮಾಡಿದೆ. ಅದಕ್ಕಾಗಿ ನಿನ್ನ ಕ್ಷಮೆ ಕೇಳುತ್ತೇನೆ.

ದಸರೆಗೆ ಮಗುವನ್ನು ಕರೆದುಕೊಂಡು ಬರುತ್ತೀಯಲ್ಲ. ಆ ಪುಸ್ತಕವನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ ಇಟ್ಟಿದ್ದೇನೆ. ಬೇಕಿದ್ದರೆ ತೆರೆ, ಬೇಡವಾದರೆ ಹಾಗೆಯೇ ಇರಲಿ. ರಾತ್ರಿ ಮಗು ಮಲಗುವ ಹೊತ್ತಿಗೆ ಆ ಜಂಟಿ ವರಸೆಯನ್ನು ನಾವಿಬ್ಬರೂ ಸೇರಿ ಹಾಡಬಹುದೇ ಎಂಬುದೊಂದು ಆಸೆ ನನಗೆ. ನಿನ್ನದು ನಾಲ್ಕು, ನನ್ನದು ಈಗ ನಾಲ್ಕೂವರೆ. ಇನ್ನರ್ಧ ಮನೆ ನಾನು ಇಳಿಯುತ್ತೇನೆ.

ಇಂತಿ,
ನಿನ್ನ ಅಮ್ಮ