ಆಪರೇಟರ್ ಚಾರ್ಜ್ ಕೊಟ್ಟಿದ್ದೇವೆ, ಆಪರೇಟರ್ ಎಲ್ಲಿ?

ಗೆ,
ಮಾಲೀಕರು,
ಸೌಂಡ್, ಲೈಟ್ ಮತ್ತು ಪ್ರೊಜೆಕ್ಟರ್ ಬಾಡಿಗೆ ಸಂಸ್ಥೆ,
ತುಮಕೂರು

ವಿಷಯ: ಕಳೆದ ಭಾನುವಾರ ಬಟವಾಡಿಯಲ್ಲಿ ನಡೆದ ಗುರುವಂದನೆಗೆ ನೀವು ಕಳಿಸಿದ, ಮತ್ತು ಅರ್ಧದಲ್ಲೇ ಕಾಣೆಯಾದ, ಆಪರೇಟರ್ ಬಗ್ಗೆ

ಮಾನ್ಯರೇ,

ಈ ಕಾಗದ ಬರೆಯುವ ಮನಸ್ಸಿರಲಿಲ್ಲ. ಸೋಮವಾರದಿಂದ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ಸಾರ್ ಲೋಡಿಂಗ್‌ನಲ್ಲಿದ್ದಾರೆ" ಎಂದರು. ಹೋಗ್ಲಿ ಬಿಡು ಅಂತ ಸುಮ್ಮನಾಗಿದ್ದೆ. ನಿನ್ನೆ ಸಂಜೆ ನಿಮ್ಮ ನಂಬರಿನಿಂದಲೇ ವಾಟ್ಸಾಪ್ ಬಂತು: "ನಮ್ಮ ಸೇವೆ ಹೇಗಿತ್ತು? ದಯವಿಟ್ಟು ಫೈವ್ ಸ್ಟಾರ್ ಕೊಡಿ." ಕೆಳಗೆ ಕೈಮುಗಿದ ಚಿತ್ರ ಬೇರೆ. ಕೇಳಿದ್ದೀರಲ್ಲ, ಹೇಳುತ್ತೇನೆ.

ಒಟ್ಟು 18,500 ರೂಪಾಯಿ. ಅದರಲ್ಲಿ "ಆಪರೇಟರ್, ಫುಲ್ ಡೇ" ಅಂತ 2,500 ಬೇರೆಯಾಗೇ ಬರೆದಿದ್ದೀರಿ. 

ಬಂದ ಹುಡುಗ ಸ್ಪೀಕರ್ ಬಾಕ್ಸುಗಳನ್ನು ಪೋಡಿಯಂ ಹಿಂದೆ, ಮೈಕಿನ ಕಡೆಗೇ ಮುಖ ಮಾಡಿ ನಿಲ್ಲಿಸಿದ. ಬಾಕ್ಸಿಂದ ಬಂದ ಸದ್ದನ್ನೇ ಮೈಕ್ ಹಿಡಿದು ಮತ್ತೆ ಬಾಕ್ಸಿಗೆ ಕಳಿಸಿದರೆ ಕೂಗದೆ ಇನ್ನೇನು ಮಾಡುತ್ತೆ? ಇದು ಗಣೇಶನ ಪೆಂಡಾಲ್ ಹುಡುಗರಿಗೂ ಗೊತ್ತು. ಮೈಕುಗಳ ಸದ್ದು ಏರಿಸಿ ಇಳಿಸುವ ಮಿಕ್ಸರ್ ಇಟ್ಟಿದ್ದು ಸ್ಟೇಜ್ ಪಕ್ಕದ ರೂಮಿನಲ್ಲಿ. ಹಾಲ್‌ನಲ್ಲಿ ಏನು ಕೇಳಿಸುತ್ತಿದೆ ಅಂತ ಗೊತ್ತೇ ಆಗದ ಜಾಗ ಹುಡುಕಿ ಇಟ್ಟಿದ್ದ. ಪ್ರೊಜೆಕ್ಟರಿಗೆ ಹಾಕುವ ಎಚ್‌ಡಿಎಂಐ ಕೇಬಲ್ ತಂದಿರಲಿಲ್ಲ. ರೇಷ್ಮೆ ಸೀರೆ ಉಟ್ಟುಕೊಂಡೇ ಸ್ಕೂಟಿಯಲ್ಲಿ ಹೋಗಿ 450 ಕೊಟ್ಟು ತಂದೆ. ವಾಪಸ್ ಬರುವಷ್ಟರಲ್ಲಿ ಹುಡುಗನೇ ಇಲ್ಲ. ಕ್ಯಾತ್ಸಂದ್ರದಲ್ಲಿ ಇನ್ನೊಂದು ಫಂಕ್ಷನ್ ಇದೆಯಂತೆ. ಫಂಕ್ಷನ್ನೋ ತಟ್ಟೆ ಇಡ್ಲಿಯೋ, ದೇವರಿಗೇ ಗೊತ್ತು.

ಅಷ್ಟರಲ್ಲಿ ನಮ್ಮ ಮೇಷ್ಟ್ರು ಮಾತಾಡಲು ಎದ್ದರು. 83 ವರ್ಷ. ಮೊದಲ ಮಾತಿಗೇ ಮೈಕ್ ಕುಂಯ್ಯ್ ಎಂದಿತು. ಅವರು ಎರಡೂ ಕಿವಿ ಮುಚ್ಚಿಕೊಂಡರು. ನಾನು ಓಡಿಹೋಗಿ ಪಕ್ಕದ ರೂಮಿನ ಬಾಗಿಲು ಹಾಕಿಕೊಂಡು ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಕೈ ಮಿಕ್ಸರ್ ಮೇಲಿತ್ತು, ಹಾಗಾಗಿ ಫೋನಿನ ಸ್ಪೀಕರ್ ಆನ್ ಮಾಡಿ ಟೇಬಲ್ ಮೇಲಿಟ್ಟೆ.

"ಹುಡುಗ ಇಲ್ಲ ಇಲ್ಲಿ. ಮೈಕ್ ಕೂಗ್ತಾ ಇದೆ."

"ಯಾವ ಫಂಕ್ಷನ್ ಮೇಡಂ? ಮದುವೇನಾ?"

"ಗುರುವಂದನೆ. ಬಟವಾಡಿ."

"ಓ, ಮೇಷ್ಟ್ರ ಪ್ರೋಗ್ರಾಮಾ. ಬರೀ ಭಾಷಣ ತಾನೇ, ಅದಕ್ಯಾಕೆ ಆಪರೇಟರು? ವಾಲ್ಯೂಮ್ ಕಮ್ಮಿ ಮಾಡ್ಕೊಳ್ಳಿ."

"ಯಾವ ವಾಲ್ಯೂಮು? ಇಲ್ಲಿ 16 ಇವೆ."

"ಮನೇಲಿ ಮಿಕ್ಸಿ ಓಡಿಸಲ್ವಾ ಮೇಡಂ? ಇದೂ ಹಂಗೇ."

"ದಯವಿಟ್ಟು ಯಾರನ್ನಾದ್ರೂ ಕಳ್ಸಿ. ಕೈ ಮುಗೀತೀನಿ."

"ಚೌಕಾಸಿ ಮಾಡಿ 1,500 ಕಮ್ಮಿ ಮಾಡಿಸ್ಕೊಂಡ್ರಲ್ಲ ಮೇಡಂ. ಆ ದುಡ್ಡಿಗೆ ಇಷ್ಟೇ ಬರೋದು."

ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ನನ್ನ ಕ್ಲಾಸ್‌ಮೇಟ್. "ಲೇ, ಎಲ್ಲಾ ಹೊರಗೆ ಕೇಳಿಸ್ತಿದೆ ಕಣೇ!" ಗಾಬರಿಯಲ್ಲಿ ಪೋಡಿಯಂ ಮೈಕಿನ ವಾಲ್ಯೂಮ್ ಇಳಿಸಿ, ಟೇಬಲ್ ಮೇಲೆ ನಿಮ್ಮ ಹುಡುಗ ಬಿಟ್ಟುಹೋಗಿದ್ದ ಕಾರ್ಡ್‌ಲೆಸ್ ಮೈಕಿನದ್ದು ಏರಿಸಿಬಿಟ್ಟಿದ್ದೆ. 200 ಜನ ಕೇಳಿದ್ದಾರೆ. ನಾನು ಕೈ ಮುಗಿದದ್ದನ್ನೂ, ಚೌಕಾಸಿ ಮಾಡಿದ್ದನ್ನೂ. ಆ ದಿನ ನಿಮ್ಮ ಸಿಸ್ಟಂ ಒಂದಿಷ್ಟೂ ಕೂಗದೆ ನೆಟ್ಟಗೆ ಕೆಲಸ ಮಾಡಿದ್ದು ಆ ಒಂದೂವರೆ ನಿಮಿಷ ಮಾತ್ರ. ಅದಕ್ಕೆ ಬೇಕಾದರೆ ಒಂದು ಸ್ಟಾರ್ ಕೊಡಬಹುದು.

ಮೇಷ್ಟ್ರು "ಮೈಕ್ ಬೇಡಮ್ಮ, ಬಿಡು" ಎಂದು ಬರೀ ಬಾಯಲ್ಲೇ ಮಾತಾಡಿದರು. ಮುಂದಿನ ನಾಲ್ಕು ಸಾಲಿಗೆ ಕೇಳಿಸಿತು. ಪಾವಗಡದಿಂದ ಬೆಳಗಿನ ಜಾವವೇ ಬಸ್ಸು ಹತ್ತಿ ಬಂದಿದ್ದ ಗೆಳೆಯ ಹಿಂದೆ ಕೂತು ಫ್ಯಾನಿನ ಸದ್ದು ಕೇಳಿಕೊಂಡು ವಾಪಸ್ ಹೋದ.

ನಾನು ಕೇಳುತ್ತಿರುವುದು ಆಪರೇಟರ್‌ನ 2,500, ಕೇಬಲ್‌ನ 450. ಜೊತೆಗೆ ಮೇಷ್ಟ್ರ ಮನೆಗೆ ಹೋಗಿ ಒಂದು ಕ್ಷಮೆ. ಏಳು ದಿನ ಟೈಮ್ ಕೊಡುತ್ತೇನೆ. ನಿಜ ಹೇಳಬೇಕಂದ್ರೆ ನೀವು ಕೊಡದಿದ್ದರೇ ನನಗೆ ಜಾಸ್ತಿ ಖುಷಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುತ್ತೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅಲ್ಲಿ ಫೀಸೂ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ. ಆದರೂ ನಮ್ಮ ಬ್ಯಾಚಿನಲ್ಲಿ ಇಬ್ಬರು ವಕೀಲರಿದ್ದಾರೆ, ಇಬ್ಬರೂ ಆ ಹಾಲ್‌ನಲ್ಲೇ ಇದ್ದರು. ಅಂದಹಾಗೆ ಶೇ 18 ಜಿಎಸ್‌ಟಿ ಅಂತ ಹಾಕಿದ್ದೀರಿ, ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೇ ಇಲ್ಲವಲ್ಲ? ಅದನ್ನೂ ಯಾರಾದರೂ ಕೇಳುವ ಹಾಗೆ ಮಾಡುತ್ತೇನೆ.

ವಿಡಿಯೋದವರು ಎಲ್ಲವನ್ನೂ ಹಿಡಿದಿದ್ದಾರೆ. ಮಿಕ್ಸಿ ಮಾತು ಬಹಳ ಕ್ಲಿಯರ್ ಆಗಿ ಬಂದಿದೆ.

ಇತಿ,
ಗುರುವಂದನಾ ಸಮಿತಿ ಪರವಾಗಿ,
ಕಾರ್ಯದರ್ಶಿ

ವಿ.ಸೂ.: ಆ 450 ರೂಪಾಯಿಯ ಕೇಬಲ್ಲನ್ನು, ಆಮೇಲೆ ಸಾಮಾನು ಒಯ್ಯಲು ಬಂದ ನಿಮ್ಮ ಹುಡುಗ ಅದರ ಜೊತೆಗೇ ಸುತ್ತಿಕೊಂಡು ಹೋಗಿದ್ದಾನೆ. ಕಪ್ಪು ಬಣ್ಣ, ಐದು ಮೀಟರ್, ತುದಿಗೆ ಕೆಂಪು ದಾರ ಕಟ್ಟಿದ್ದೇನೆ.